ಪುಸ್ತಕದ ಶೆಲ್ಫಿಗೆ ಯಾವ ಪಾಲಿಶ್? ಪಿಯು, ಅಗಸೆ ಎಣ್ಣೆ, ಅರಗು ಮೂರನ್ನೂ ಹಚ್ಚಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅರಗಿಗೆ. ಅಂಗಡಿಯಲ್ಲಿ ಸ್ಪಿರಿಟ್ ಪಾಲಿಶ್ ಅಥವಾ ಫ್ರೆಂಚ್ ಪಾಲಿಶ್ ಅಂದರೆ ಗೊತ್ತಾಗುತ್ತದೆ.

ಮಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಊರಿಂದ ತಂದ ಹಲಸಿನ ಮರದ ಶೆಲ್ಫ್ ಇದೆ. ಹಳೆ ವಾರ್ನಿಷ್ ಕಪ್ಪಾಗಿ ಅಲ್ಲಲ್ಲಿ ಎದ್ದು ಬರುತ್ತಿತ್ತು. ಹಲಗೆಗಳನ್ನು ಬಿಚ್ಚಿ ಉಜ್ಜಿ, ಒಂದಕ್ಕೆ ಪಿಯು (ಪಾಲಿಯುರೆಥೇನ್ ಅನ್ನುವ ಗಟ್ಟಿ ವಾರ್ನಿಷ್), ಒಂದಕ್ಕೆ ಅಗಸೆ ಎಣ್ಣೆ, ಉಳಿದವಕ್ಕೆ ಅರಗು ಹಚ್ಚಿದೆ.

ಉಜ್ಜುವ ಕೆಲಸ ಮೂರಕ್ಕೂ ಒಂದೇ. 80ನೇ ನಂಬರ್ ಸ್ಯಾಂಡ್ ಪೇಪರ್‌ನಿಂದ ಶುರು, ಆಮೇಲೆ 120, 180, ಕೊನೆಗೆ 220. ಮರದ ಎಳೆಯ ಉದ್ದಕ್ಕೇ ಉಜ್ಜಿ. ಅಡ್ಡ ಬಿದ್ದ ಗೀರು ಆಗ ಕಾಣುವುದಿಲ್ಲ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಉಜ್ಜಿದ ಹಲಸು ಅರಿಶಿನದ ಹಾಗೆ ಹಳದಿಯಾಗುತ್ತದೆ. ಗಾಬರಿ ಬೇಡ, ಬೆಳಕು ಬಿದ್ದು ಬಿದ್ದು ಮತ್ತೆ ಕಂದು ತಿರುಗುತ್ತದೆ. ಮಾಸ್ಕ್ ಮಾತ್ರ ಮರೆಯಬೇಡಿ.

ನೋಡಲು ಚೆಂದ ಅಗಸೆ ಎಣ್ಣೆಯೇ. ಮರದ ಎಳೆಯೆಲ್ಲ ಎದ್ದು ಬರುತ್ತದೆ. ಆದರೆ ಒಣಗಬೇಕಲ್ಲ! ಹಸಿ ಎಣ್ಣೆಗೆ ವಾರಗಳೇ ಹಿಡಿಯುತ್ತವೆ. 'ಬಾಯ್ಲ್ಡ್' ಅಂತ ಬರೆದ ಡಬ್ಬಿ ತಗೊಂಡರೆ ಬೇಗ ಒಣಗುತ್ತದೆ, ಆದರೂ ನಮ್ಮ ಮಳೆಗಾಲದಲ್ಲಿ ಅಂಟಂಟು ಹೋಗುವುದಿಲ್ಲ. ಅಂಥ ಹಲಗೆ ಮೇಲೆ ಪುಸ್ತಕ ಇಟ್ಟರೆ ಜಿಡ್ಡು ಹತ್ತುವುದು ಗ್ಯಾರಂಟಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಗಟ್ಟಿತನದಲ್ಲಿ ಪಿಯು ಮುಂದೆ ಉಳಿದ ಎರಡೂ ಇಲ್ಲ. ನೀರು, ಬಿಸಿ ಲೋಟ ಯಾವುದಕ್ಕೂ ಜಗ್ಗುವುದಿಲ್ಲ. ಅಂಗಡಿಯವರು ಅದನ್ನೇ ಕೈಗೆ ಕೊಡುತ್ತಾರೆ. ನಾನು ತಂದದ್ದು ಹಾರ್ಡನರ್, ಅಂದರೆ ಗಟ್ಟಿಯಾಗಿಸುವ ದ್ರವ, ಬೆರೆಸುವ ಬಗೆಯದು. ಬೆರೆಸಿದ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಮಿಕ್ಕಿದ್ದು ಡಬ್ಬಿಯಲ್ಲೇ ಕಲ್ಲಾಗುತ್ತದೆ. ಆ ಹಾರ್ಡನರ್ ಆವಿ ಶ್ವಾಸಕ್ಕೆ ಒಳ್ಳೆಯದಲ್ಲ, ಕಿಟಕಿ ಮುಚ್ಚಿದ ಕೋಣೆಯಲ್ಲಂತೂ ಬೇಡವೇ ಬೇಡ. ಎಲ್ಲಕ್ಕಿಂತ ದೊಡ್ಡ ತಕರಾರು ರಿಪೇರಿಯದು. ಒಂದು ಕಡೆ ಆಳವಾಗಿ ಗೀರು ಬಿದ್ದರೆ ಅಲ್ಲಿಗಷ್ಟೇ ಹಚ್ಚಿ ಮುಚ್ಚಲು ಆಗುವುದಿಲ್ಲ. ಹೊಸ ಪದರ ಹಳೆಯದರಲ್ಲಿ ಕರಗಿ ಸೇರುವುದಿಲ್ಲ, ತೇಪೆಯ ಅಂಚು ಕಾಣುತ್ತಲೇ ಇರುತ್ತದೆ. ಇಡೀ ಹಲಗೆ ಮತ್ತೆ ಉಜ್ಜಬೇಕು.

ಅರಗಿನಲ್ಲಿ ಈ ತಾಪತ್ರಯ ಇಲ್ಲ. ಸ್ಪಿರಿಟ್ ತಾಗಿದರೆ ಹಳೆ ಪದರ ಕರಗಿ ಹೊಸದರ ಜೊತೆ ಒಂದಾಗುತ್ತದೆ. ಲೀಟರ್ ಸ್ಪಿರಿಟ್‌ಗೆ ಸುಮಾರು 200 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಕರಗಿರುತ್ತದೆ. ಹತ್ತಿ ಉಂಡೆಗೆ ಹಳೆ ಪಂಚೆಯ ತುಂಡು ಸುತ್ತಿ ಹಚ್ಚಿದರಾಯಿತು, ಬ್ರಷ್ಷೂ ಬೇಡ. ಒಣಗಲು ಕೆಲವು ನಿಮಿಷ ಸಾಕು. ಸ್ಟೌ, ದೀಪ ಹತ್ತಿರ ಇರಬಾರದು. ಅರಗಿನ ಮನೆಯ ಕಥೆ ಗೊತ್ತಲ್ವಾ?

ತಲೆ ತಿಂದದ್ದು ಒಂದೇ, ಬಿಳಿ ಮಂಜು. ಆಟಿ ತಿಂಗಳ ಒಂದು ಸಂಜೆ, ಹೊರಗೆ ಜಡಿಮಳೆ. ಹಚ್ಚುವಾಗ ಹೊಳೆಯುತ್ತಿದ್ದ ಹಲಗೆ ನೋಡನೋಡುತ್ತಲೇ ಹಾಲು ಚೆಲ್ಲಿ ಒರೆಸಿದಂತಾಯಿತು. ಮರದ ಬಣ್ಣವೇ ಮುಚ್ಚಿಹೋಯಿತು. ಚಕ್ಕೆ ಕಲಬೆರಕೆ ಅಂತ ಅಂಗಡಿಯವರನ್ನು ಬೈದುಕೊಂಡೆ. ಒಣ ಬಟ್ಟೆಯಲ್ಲಿ ತಿಕ್ಕಿದರೂ ಹೋಗಲಿಲ್ಲ.

ಚಕ್ಕೆಯದೇನೂ ತಪ್ಪಿರಲಿಲ್ಲ. ಸ್ಪಿರಿಟ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಂಪಿಗೆ ನೀರು ಇಳಿದು ಅರಗಿನೊಳಗೇ ಸಿಕ್ಕಿಬೀಳುತ್ತದೆ. ಸ್ಪಿರಿಟ್‌ನಲ್ಲೇ ನೀರಿನಂಶ ಇದ್ದರೆ ಇನ್ನೂ ಕಷ್ಟ. ಪದರ ದಪ್ಪಗಿದ್ದರೂ ಅಷ್ಟೇ.

ತೆಗೆಯುವುದೇನೋ ಸುಲಭ, ಕಾಯಬೇಕಷ್ಟೇ. ಮಳೆ ಬಿಟ್ಟ ಮಧ್ಯಾಹ್ನ ಬಟ್ಟೆಗೆ ಸ್ಪಿರಿಟ್ ಸೋಕಿಸಿ, ತೊಟ್ಟಿಕ್ಕದ ಹಾಗೆ ಹಿಂಡಿ, ಒಂದೇ ಕಡೆಯಿಂದ ಹಗುರವಾಗಿ ಎಳೆಯಿರಿ. ಪದರ ಕೊಂಚ ಕರಗುತ್ತದೆ, ಒಳಗಿನ ತೇವ ಹಾರಿಹೋಗುತ್ತದೆ, ಮಂಜು ಕಣ್ಣೆದುರೇ ಮಾಯ. ಹಿಂದೆ ಮುಂದೆ ತಿಕ್ಕಿದರೆ ಅರಗೇ ಕಿತ್ತು ಬರುತ್ತದೆ, ಹುಷಾರು. ಆಮೇಲೆ ನಾನು ಬಿಸಿಲಿರುವಾಗ ಮಾತ್ರ ತೆಳ್ಳಗೆ ಹಚ್ಚಿ ಮುಗಿಸಿದೆ. ಇನ್ನೊಂದು ಮಾತು, ಕರಗಿಸಿ ತಿಂಗಳುಗಟ್ಟಲೆ ಇಟ್ಟ ಅರಗು ಸರಿಯಾಗಿ ಒಣಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿ, ಮರುದಿನವೂ ಉಗುರಿಗೆ ಅಂಟಿದರೆ ಚೆಲ್ಲಿಬಿಡಿ.

ಬಿಸಿ ಲೋಟ ಇಟ್ಟರೆ ಅರಗಿನ ಮೇಲೆ ಬಿಳಿ ಉಂಗುರ ಬೀಳುವುದು ನಿಜ. ನನ್ನ ಶೆಲ್ಫ್ ಮೇಲೆ ಪುಸ್ತಕ ಬಿಟ್ಟು ಬೇರೇನೂ ಇಡುವುದಿಲ್ಲ. ಮನೆ ಮಾತ್ರ ಆಗಾಗ ಬದಲಾಗುತ್ತದೆ. ಪ್ರತಿ ಸಲ ಲಾರಿಯಿಂದ ಇಳಿಸುವಾಗ ಒಂದೆರಡು ಗೀರು ಇದ್ದದ್ದೇ. ಅದಕ್ಕೆಲ್ಲ ಇಡೀ ಹಲಗೆ ಉಜ್ಜುತ್ತಾ ಕೂರಲು ನನ್ನಲ್ಲಿ ಪುರುಸೊತ್ತಿಲ್ಲ, ಹಾರ್ಡನರ್ ಥಿನ್ನರ್ ಅಂತ ಬೇರೆ ಬೇರೆ ಡಬ್ಬಿ ಕೊಳ್ಳುವ ಮನಸ್ಸೂ ಇಲ್ಲ. ಪಿಯು ಹಚ್ಚಿದ ಹಲಗೆ ಈಗ ಅಡುಗೆಮನೆಯಲ್ಲಿ ಮಸಾಲೆ ಡಬ್ಬಿಗಳಿಗಿದೆ. ಒಗ್ಗರಣೆ ಎಣ್ಣೆ ಸಿಡಿದರೆ ಸೋಪು ನೀರಲ್ಲಿ ಒರೆಸುತ್ತೇವೆ, ಅಲ್ಲಿಗೆ ಅದೇ ಸರಿ.