ಮ್ಯಾಂಡಿಯಂಟ್: ಕನ್ನ ಬಿದ್ದ ಮೇಲೆ ಕರೆಯುವವರು

2004ರಲ್ಲಿ ಕೆವಿನ್ ಮ್ಯಾಂಡಿಯಾ ‘ರೆಡ್ ಕ್ಲಿಫ್ ಕನ್ಸಲ್ಟಿಂಗ್’ ಎಂದು ಶುರುಮಾಡಿದ ಅಮೆರಿಕದ ಸಂಸ್ಥೆ ಇದು. 2022ರಿಂದ ಗೂಗಲ್ ಪಾಲು. ಕಸುಬು, ಕಳ್ಳ ಹೊಕ್ಕ ನೆಟ್‌ವರ್ಕಿನಲ್ಲಿ ಹೆಜ್ಜೆಗುರುತು ಹುಡುಕುವುದು. 2020ರ ಸೋಲಾರ್‌ವಿಂಡ್ಸ್ ದಾಳಿಯ (ಆ ಕಂಪನಿಯ ತಂತ್ರಾಂಶದ ಮೂಲಕ ಅನೇಕ ಸಂಸ್ಥೆಗಳಿಗೆ ನುಗ್ಗಿದ ಕನ್ನ) ಎಳೆ ಸಿಕ್ಕಿದ್ದು ಆಗಿನ ಒಡೆಯ ಫೈರ್‌ಐಯಲ್ಲೇ, ಲಾಗಿನ್ ದೃಢೀಕರಣಕ್ಕೆ ನೌಕರರೊಬ್ಬರ ಹೆಸರಲ್ಲಿ ನೋಂದಣಿಯಾದ ಎರಡನೇ ಫೋನಿನಿಂದ!

ಇವರ ನೈಪುಣ್ಯವನ್ನು ಕಾಸಿಲ್ಲದೆ ಅಳೆಯಬೇಕೆ? ವೈರಸ್‌ನಂಥ ಕೇಡಿನ ತಂತ್ರಾಂಶವನ್ನು ಬಿಚ್ಚಿ ನೋಡುವ ಅವರ ಉಚಿತ ಉಪಕರಣಗಳ ಕಟ್ಟು ‘ಫ್ಲೇರ್ ವಿಎಂ’ ಹಾಕಿ ನೋಡಿ. ವರ್ಚುವಲ್ ಯಂತ್ರದಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶವೇ ಕಟ್ಟುವ ಇನ್ನೊಂದು ಕಂಪ್ಯೂಟರ್) ವಿಂಡೋಸ್ 10 ಅಥವಾ ಮೇಲಿನದು, ಕನಿಷ್ಠ 60 ಜಿಬಿ ಜಾಗ ಬೇಕು. ಮೊದಲು ಆ ಯಂತ್ರದಲ್ಲಿ ಅಪ್‌ಡೇಟ್, ವಿಂಡೋಸಿನದೇ ವೈರಸ್ ಕಾವಲಾದ ಡಿಫೆಂಡರ್ ಎರಡನ್ನೂ ನಿಲ್ಲಿಸಿ ಸ್ನ್ಯಾಪ್‌ಶಾಟ್ (ಬೇಕಾದಾಗ ಮರಳಬಹುದಾದ ಆ ಕ್ಷಣದ ಪ್ರತಿ) ತೆಗೆದುಕೊಳ್ಳಿ. ಇಲ್ಲವಾದರೆ ಡಿಫೆಂಡರ್ ಈ ಉಪಕರಣಗಳನ್ನೇ ವೈರಸ್ಸೆಂದು ಅಳಿಸಿ, ಅಳವಡಿಕೆ ಅರ್ಧಕ್ಕೇ ನಿಲ್ಲಬಹುದು. ಜೊತೆಗಿನ ‘ಕಾಪಾ’ ಒಂದು ಫೈಲಿಗೆ ಏನೇನು ಮಾಡುವ ಶಕ್ತಿಯಿದೆ ಎಂದು ಹೇಳುತ್ತದೆ, ಸೊಗಸಾಗಿ. ಆದರೆ ಪ್ಯಾಕ್ ಮಾಡಿದ, ಅಂದರೆ ಒಳಗಿನ ಕೋಡ್ ಕಾಣದಂತೆ ಸುತ್ತಿಟ್ಟ, ಫೈಲ್ ಕೊಟ್ಟರೆ ಹೆಚ್ಚೇನೂ ಹೊರಡದು, ಮೊದಲು ಬಿಚ್ಚಿಕೊಳ್ಳಬೇಕು.