ಪಿಕಪ್, ಬ್ರಿಜ್, ನಟ್: ಅಗ್ಗದ ಎಲೆಕ್ಟ್ರಿಕ್ ಗಿಟಾರಿಗೆ ದುಡ್ಡು ಎಲ್ಲಿ ಹಾಕಬೇಕು?

9,000 ರೂಪಾಯಿಯ ಗಿಟಾರು. ಅದಕ್ಕೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ 4,500ಕ್ಕೆ ಬಂತು. ಆಮೇಲೆ ಗಿಟಾರಿನ ಮೈಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್ 2,800ಕ್ಕೆ ಬಂತು. ಕೊನೆಗೆ ಗಿಟಾರಿನ ನಡತೆ ನಿಜವಾಗಿ ಬದಲಾಗಿದ್ದು ಕತ್ತಿನ ತುದಿಯಲ್ಲಿ ತಂತಿ ಕೂರುವ 600 ರೂಪಾಯಿಯ ಎಲುಬಿನ ಪಟ್ಟಿ, ಅಂದರೆ ನಟ್‌ನಿಂದ, ಮತ್ತು ಬೈಕ್ ಬಿಡಿಭಾಗದ ಅಂಗಡಿಯಲ್ಲಿ 150ಕ್ಕೆ ಸಿಕ್ಕ, ಸಣ್ಣ ಸಂದು ಅಳೆಯುವ ಫೀಲರ್ ಗೇಜ್‌ನಿಂದ. ಅಂದರೆ ನನ್ನ ಓಟು ಯಾರಿಗೆ ಎಂದು ಈಗಲೇ ಗೊತ್ತಾಯಿತು, ಅಲ್ವಾ? ಮೂರನ್ನೂ ಪಕ್ಕಪಕ್ಕ ಇಟ್ಟು ಯಾಕೆ ಹಾಗೆ ಅಂತ ಹೇಳುತ್ತೇನೆ.

ಗಿಟಾರಿನ ಕಂಪನಿ ಹೆಸರು ಬೇಡ. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕ್ಯಾಸ್ಟರ್) ಆಕಾರ, ಮೂರು ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯ) ಪಿಕಪ್, ಹಿಂದೆ ಸ್ಪ್ರಿಂಗ್ ಇರುವ, ಕಡ್ಡಿ ಒತ್ತಿದರೆ ಸ್ವರ ಅಲುಗುವ ಟ್ರೆಮೊಲೊ ಬ್ರಿಜ್. ಈ ಬೆಲೆಯಲ್ಲಿ ಸಿಗುವವು ಹೆಚ್ಚುಕಡಿಮೆ ಇದೇ ಥರ ಇರುತ್ತವೆ. ನಾನಿರುವುದು ದಾವಣಗೆರೆಯಲ್ಲಿ. ನುಡಿಸುವುದು ರಸಮಂಜರಿ ತಂಡದಲ್ಲಿ, ಅದೂ ಬರೀ ರಿದಮ್. ಗಣಪತಿ ಹಬ್ಬದ ಪೆಂಡಾಲು, ಮದುವೆಯ ಆರತಕ್ಷತೆ, ಆಗೀಗ ಯಾವುದಾದರೂ ಊರಿನ ಜಾತ್ರೆ. ಗಿಟಾರು ಮಲ್ಟಿ ಎಫೆಕ್ಟ್ ಪೆಡಲ್ ಮೂಲಕ ನೇರ ಮಿಕ್ಸರಿಗೆ ಹೋಗುತ್ತದೆ. ಇದನ್ನು ನೆನಪಿಟ್ಟುಕೊಂಡು ಓದಿ. ಮನೆಯಲ್ಲಿ ಒಳ್ಳೆ ಆಂಪ್ ಇಟ್ಟುಕೊಂಡು ಸೋಲೋ ನುಡಿಸುವವರ ಲೆಕ್ಕ ಬೇರೆ.

ಮೊದಲು ಪಿಕಪ್. ಅಗ್ಗದ ಸಿಂಗಲ್ ಕಾಯಿಲ್‌ಗಳಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಕಡ್ಡಿಗಳು, ಅವುಗಳ ಅಡಿಗೆ ಅಂಟಿಸಿದ ಸೆರಾಮಿಕ್ ಅಯಸ್ಕಾಂತದ ಪಟ್ಟಿ ಇರುತ್ತದೆ. ನಾನು ತರಿಸಿದ್ದು ಆಲ್ನಿಕೊ 5. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಮಿಶ್ರಲೋಹ ಅದು. ಇದರಲ್ಲಿ ಕಡ್ಡಿಗಳೇ ಅಯಸ್ಕಾಂತ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕ್ಲೀನ್ ಟೋನಿನಲ್ಲಿ ನುಡಿಸಿದರೆ ವ್ಯತ್ಯಾಸ ಕೇಳುತ್ತದೆ. ಮೇಲಿನ ತಂತಿಗಳು ಮೊದಲಿನಷ್ಟು ಚುಚ್ಚುವುದಿಲ್ಲ, ಬೆರಳಿನ ಒತ್ತಡಕ್ಕೆ ತಕ್ಕಂತೆ ಮಾತಾಡುತ್ತವೆ. ಸುಳ್ಳು ಹೇಳಬಾರದು, ಚೆನ್ನಾಗಿದೆ. ಆದರೆ ಪೆಂಡಾಲಿನಲ್ಲಿ ರಿದಮ್ ಪ್ಯಾಡು, ಎರಡು ಕೀಬೋರ್ಡು, ಢೋಲಕ್ ನಡುವೆ ಅದೇ ಸದ್ದು ಹೊರಗೆ ಬಂದಾಗ ನಮ್ಮ ತಂಡದ ಯಾರಿಗೂ ಏನೂ ಗೊತ್ತಾಗಲಿಲ್ಲ. ಕೀಬೋರ್ಡ್ ನುಡಿಸುವ ಅಣ್ಣನನ್ನು ಕೇಳಿದೆ. "ತಂತಿ ಹೊಸವೇನಪ್ಪ?" ಅಂದರು.

ಒಂದು ಲಾಭ ಮಾತ್ರ ಖರೆ. ಈ ಸೆಟ್ಟಿನ ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟಿದ್ದಾರೆ. ಹಾಗಾಗಿ ಯಾವ ಪಿಕಪ್ ಬೇಕೆಂದು ಆರಿಸುವ ಐದು ಜಾಗದ ಸ್ವಿಚ್ಚಿನ 2 ಮತ್ತು 4ನೇ ಜಾಗದಲ್ಲಿ ಎರಡು ಪಿಕಪ್ ಸೇರಿದಾಗ ಗುಂಯ್ ಅನ್ನುವ ಹಮ್ ಸತ್ತುಹೋಗುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಸೀರಿಯಲ್ ಸೆಟ್ಟು, ಡಿಮ್ಮರ್, ಹಿಂದೆ ಒಂದು ಜನರೇಟರ್ ಇರುವ ವೇದಿಕೆಯಲ್ಲಿ ಸಿಂಗಲ್ ಕಾಯಿಲ್ ಗಿಟಾರು ಏನು ಕೂಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಆದರೆ 1, 3, 5ನೇ ಜಾಗದಲ್ಲಿ ಹೊಸ ಪಿಕಪ್ಪೂ ಹಳೆಯದರಷ್ಟೇ ಕೂಗುತ್ತದೆ. ಅಲ್ಲಿ ಕೆಲಸಕ್ಕೆ ಬಂದಿದ್ದು ಪಿಕ್‌ಗಾರ್ಡಿನ (ಮುಂದಿನ ಪ್ಲಾಸ್ಟಿಕ್ ಹಲಗೆಯ) ಒಳಮೈಗೆ, ಗಿಟಾರಿನ ಒಳಗುಂಡಿಗೆ ಅಂಟಿಸಿದ ತಾಮ್ರದ ಟೇಪು. ಅದರ ಒಂದು ಅಂಚನ್ನು ಗ್ರೌಂಡ್ ತಂತಿಗೆ ಬೆಸುಗೆ ಹಾಕಬೇಕು. ಅಲ್ಯೂಮಿನಿಯಂ ಟೇಪು ಅಗ್ಗ ಅಂತ ತಂದರೆ ಅದಕ್ಕೆ ಮಾಮೂಲಿ ಸೀಸದ ಬೆಸುಗೆ ಹತ್ತುವುದಿಲ್ಲ. ಡಿಮ್ಮರಿನ ಚರಚರ ಇದರಿಂದ ಬಹಳ ಕಡಿಮೆಯಾಯಿತು. ಟ್ರಾನ್ಸ್‌ಫಾರ್ಮರ್ ಪಕ್ಕ ನಿಂತಾಗ ಬರುವ ದಪ್ಪನೆಯ ಹಮ್ಮಿಗೆ ಮಾತ್ರ ತಾಮ್ರವೂ ಏನೂ ಮಾಡದು. ಅದಕ್ಕೆ ಗಿಟಾರು ಹಿಡಿದ ದಿಕ್ಕನ್ನೇ ಬದಲಿಸಿ ನಿಲ್ಲಬೇಕು, ಅಷ್ಟೇ.

ಇನ್ನು ಬ್ರಿಜ್. ಇದರ ಕಥೆ ಸ್ವಲ್ಪ ಉದ್ದ. ನನ್ನ ಹೊಟ್ಟೆ ಉರಿದಿದ್ದೂ ಇಲ್ಲೇ.

ಹಳೇ ಬ್ರಿಜ್ಜಿನ ಅಡಿಯ ಬ್ಲಾಕ್, ಅಂದರೆ ಗಿಟಾರಿನ ಮೈಯೊಳಗೆ ಇಳಿಯುವ ಲೋಹದ ತುಂಡು, ಹಗುರವಾದ ಸತುವಿನ ಎರಕ. ಉಕ್ಕಿನ ಬ್ಲಾಕ್ ಹಾಕಿದರೆ ಸದ್ದು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರ "ಎಲ್ಲ ಸ್ಟ್ರಾಟ್ ಮಾದರಿಗಳಿಗೂ ಹೊಂದುತ್ತದೆ" ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ. ಅಳತೆ ಕೊಟ್ಟಿರಲಿಲ್ಲ. ಪಾರ್ಸೆಲ್ ಬಂತು, ಹಳೆಯದನ್ನು ಬಿಚ್ಚಿ ಹೊಸದನ್ನು ಇಟ್ಟು ನೋಡಿದೆ. ಆರು ಸ್ಕ್ರೂಗಳಲ್ಲಿ ನಡುವಿನ ಎರಡು ತೂತು ಹೆಚ್ಚುಕಡಿಮೆ ಕೂರುತ್ತವೆ. ಅಂಚಿನವು ಕೂರುವುದೇ ಇಲ್ಲ.

ವಿಷಯ ಏನೆಂದರೆ ಸ್ಟ್ರಾಟ್ ಬ್ರಿಜ್ಜಿಗೆ ಒಂದೇ ಅಳತೆ ಇಲ್ಲ. ಫೆಂಡರ್ ಕಂಪನಿ 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ತಂದಾಗ ಇದ್ದ ಹಳೇ ಅಳತೆಯಲ್ಲಿ ಆ ತುದಿಯ ಸ್ಕ್ರೂನಿಂದ ಈ ತುದಿಯ ಸ್ಕ್ರೂಗೆ ಸುಮಾರು 56.4 ಮಿಲಿಮೀಟರ್. ಏಷ್ಯಾದಲ್ಲಿ ತಯಾರಾಗುವ ಅಗ್ಗದ ಗಿಟಾರುಗಳಲ್ಲಿ ಹೆಚ್ಚಾಗಿ 52.5. ವ್ಯತ್ಯಾಸ 4 ಮಿಲಿಮೀಟರಿಗೂ ಒಂದು ಕೂದಲು ಕಡಿಮೆ. ಅದನ್ನು ಎರಡೂ ಕಡೆ ಹಂಚಿದರೆ ತುದಿಯ ಸ್ಕ್ರೂ ಒಂದೊಂದೂ 2 ಮಿಲಿಮೀಟರ್ ಆಚೆ ಹೋಗಬೇಕು. ಅಷ್ಟೇ ತಾನೇ, ಹೊಸ ತೂತು ಹೊಡೆದರಾಯಿತು ಎಂದು ನಮ್ಮ ಬೀದಿಯ ಬಡಗಿಯವರ ಹತ್ತಿರ ಒಯ್ದೆ. ಅವರು ತೂತನ್ನು ಬೆರಳಿನಿಂದ ಸವರಿ ನೋಡಿದರು. "ಹಳೇ ತೂತಿನ ಪಕ್ಕಕ್ಕೇ ಹೊಡೆದ್ರೆ ಎರಡೂ ಸೇರಿ ಒಂದೇ ಗುಂಡಿ ಆಗತ್ತೆ ತಮ್ಮಾ, ಸ್ಕ್ರೂ ನಿಲ್ಲಲ್ಲ. ಮೊದ್ಲು ಹಳೇ ತೂತಿಗೆಲ್ಲ ಗಟ್ಟಿ ಮರದ ಗೂಟ ಬಡಿದು ಅಂಟು ಹಾಕ್ಬೇಕು, ಒಣಗಿದ ಮೇಲೆ ಹೊಸದಾಗಿ ಕೊರೀಬೇಕು" ಎಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಗೂಟ ಬಡಿಸಲೂ ತಯಾರಿದ್ದೆ. ಆದರೆ ತಂತಿಗಳೂ ಅದೇ ಅಳತೆಯಲ್ಲಿ ಅಗಲವಾಗುತ್ತವಲ್ಲ? ದಾರ ಹಿಡಿದು ನೋಡಿದರೆ ಎರಡೂ ಕಡೆಯ ತಂತಿ ಫ್ರೆಟ್‌ಬೋರ್ಡಿನ (ಕತ್ತಿನ ಮೇಲೆ ಬೆರಳಿಡುವ ಹಲಗೆಯ) ಅಂಚಿಗೇ ಬಂದು ಕೂರುತ್ತಿತ್ತು. ಸಣ್ಣ ತಂತಿಯನ್ನು ಸ್ವಲ್ಪ ಎಳೆದರೆ ಸಾಕು, ಅಂಚಿನಿಂದ ಕೆಳಗೆ ಜಾರುತ್ತದೆ. ಅದೂ ಹೋಗಲಿ, ಬ್ಲಾಕಿನ ಉದ್ದ ನೋಡಿ. ಅಸಲಿ ಸ್ಟ್ರಾಟಿನ ಮೈ ಸುಮಾರು 45 ಮಿಲಿಮೀಟರ್ ದಪ್ಪ. ನನ್ನದು 40. ಪೂರ್ತಿ ಅಳತೆಯ ಬ್ಲಾಕ್ ಇಳಿಸಿದರೆ ಅದು ಹಿಂಬದಿಯಲ್ಲಿ ಹಣಕಿ ನೋಡುತ್ತದೆ, ಹಿಂದಿನ ಪ್ಲಾಸ್ಟಿಕ್ ಮುಚ್ಚಳ ಕೂರುವುದಿಲ್ಲ. ವಾಪಸ್ ಕಳಿಸುತ್ತೇನೆ ಅಂದರೆ "ಸ್ಕ್ರೂ ಪ್ಯಾಕೆಟ್ ಒಡೆದಿದೆ, ತೆಗೆದುಕೊಳ್ಳುವುದಿಲ್ಲ" ಎಂದು ಉತ್ತರ. ಪ್ಯಾಕೆಟ್ ಒಡೆಯದೆ ಸ್ಕ್ರೂ ಕೂರುತ್ತದೋ ಇಲ್ಲವೋ ನೋಡುವುದು ಹೇಗೆ ಸ್ವಾಮಿ?

ನೀವು ಬ್ರಿಜ್ ತರಿಸುವುದೇ ಆದರೆ ಮೊದಲು ಮೂರು ಅಳತೆ ತೆಗೆಯಿರಿ: ತುದಿ ಸ್ಕ್ರೂಗಳ ನಡುವಿನ ಅಂತರ, ಮೈಯ ದಪ್ಪ, ಈಗಿರುವ ಬ್ಲಾಕಿನ ಆಳ. ಈ ಮೂರನ್ನೂ ಕೇಳಿ, ಉತ್ತರ ಬಂದ ಮೇಲೆ ದುಡ್ಡು ಕಟ್ಟಿ. ಉತ್ತರ ಬರಲಿಲ್ಲವೆಂದರೆ ಅಲ್ಲಿ ಕೊಳ್ಳಬೇಡಿ.

ಇಷ್ಟಕ್ಕೂ ನಾನು ಟ್ರೆಮೊಲೊ ಕಡ್ಡಿ ಮುಟ್ಟುವವನೇ ಅಲ್ಲ. ಹಿಂದಿನ ಮುಚ್ಚಳ ತೆಗೆದು, ಐದೂ ಸ್ಪ್ರಿಂಗ್ ಹಾಕಿ, ಅವು ಸಿಕ್ಕಿಕೊಂಡಿರುವ ತಗಡಿನ ಸ್ಕ್ರೂಗಳನ್ನು ಬಿಗಿ ಮಾಡಿದೆ. ಹಳೇ ಬ್ರಿಜ್ ಗಿಟಾರಿನ ಮೈಗೆ ಅಂಟಿ ಕೂತಿತು. ಈಗ ಹಾಡಿನ ನಡುವೆ ಒಂದು ತಂತಿ ಹರಿದರೂ ಉಳಿದ ಐದು ಶ್ರುತಿ ಬಿಡುವುದಿಲ್ಲ. ರಸಮಂಜರಿಯವರಿಗೆ ಇದಕ್ಕಿಂತ ಇನ್ನೇನು ಬೇಕು? ಖರ್ಚು ಸೊನ್ನೆ.

ಟ್ಯೂನಿಂಗ್ ಕೀಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶ್ರುತಿ ತಪ್ಪಿದಾಗ ಎಲ್ಲರೂ ಮೊದಲು ಬೈಯುವುದು ಅವನ್ನೇ. ಹೆಚ್ಚಿನ ಸಲ ಕಳ್ಳ ಬೇರೆ ಕಡೆ ಇರುತ್ತಾನೆ.

ಆ ಕಳ್ಳ ನಟ್. ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಆ ಚಿಕ್ಕ ಪಟ್ಟಿ. ಅಗ್ಗದ ಗಿಟಾರಿನಲ್ಲಿ ಅದು ಟೊಳ್ಳು ಪ್ಲಾಸ್ಟಿಕ್, ಗೀರುಗಳನ್ನು ಬೇಕೆಂದೇ ಎತ್ತರಕ್ಕೆ ಬಿಟ್ಟಿರುತ್ತಾರೆ. ಆಳ ಹೆಚ್ಚಾದರೆ ತಂತಿ ಫ್ರೆಟ್ಟಿಗೆ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ) ಬಡಿದು ದೂರು ಬರುತ್ತದೆ, ಎತ್ತರ ಹೆಚ್ಚಾದರೆ ಕೊಂಡವನು ತನಗೇ ಬೆರಳು ಪಳಗಿಲ್ಲ ಅಂದುಕೊಂಡು ಸುಮ್ನಿರುತ್ತಾನೆ. ಎಫ್ ಕಾರ್ಡ್ ಹಿಡಿಯಲು ಬರಲ್ಲ ಅಂತ ಗಿಟಾರು ಅಟ್ಟಕ್ಕೆ ಹಾಕಿದವರಲ್ಲಿ ಅರ್ಧ ಜನರದ್ದು ಬೆರಳಿನ ತಪ್ಪಲ್ಲ, ನಟ್ಟಿನ ತಪ್ಪು ಅನ್ನುವುದು ನನ್ನ ಗುಮಾನಿ.

ಈ ಎತ್ತರಕ್ಕೂ ಶ್ರುತಿಗೂ ನೇರ ನಂಟಿದೆ. ಸ್ಟ್ರಾಟಿನ ತಂತಿಯ ಉದ್ದ 648 ಮಿಲಿಮೀಟರ್. ನಟ್ಟಿನಿಂದ ಮೊದಲ ಫ್ರೆಟ್ ಬರೀ 36.4 ಮಿಲಿಮೀಟರ್ ದೂರ. ಅಷ್ಟು ಹತ್ತಿರದಲ್ಲಿ ಎತ್ತರದ ತಂತಿಯನ್ನು ಕೆಳಗೆ ಒತ್ತಿದರೆ ಅದು ಎಳೆದಂತಾಗಿ ಸ್ವರ ಏರುತ್ತದೆ. ಅದಕ್ಕೇ ಬಿಡಿ ತಂತಿಗಳು ಟ್ಯೂನರಿನಲ್ಲಿ ಹಸಿರು ತೋರಿಸಿದರೂ ಇ ಮೇಜರ್ ಹಿಡಿದಾಗ ಮೂರನೇ ತಂತಿ, ಸಿ ಹಿಡಿದಾಗ ಎರಡನೇ ತಂತಿ ಕಿವಿಗೆ ಕಚ್ಚುವುದು. ಐದನೇ ಫ್ರೆಟ್ ಹತ್ತಿರ ಹೋದರೆ ಅದೇ ಗಿಟಾರು ತಕ್ಕಮಟ್ಟಿಗೆ ಸರಿಯಾಗಿರುತ್ತದೆ. ನಾನು ನುಡಿಸುವುದೆಲ್ಲ ಮೊದಲ ಮೂರು ಫ್ರೆಟ್ಟಿನ ಕಾರ್ಡುಗಳೇ. ಪಿಕಪ್ ಎಷ್ಟೇ ಒಳ್ಳೆಯದಿರಲಿ, ಅಪಶ್ರುತಿಯನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ ಅಷ್ಟೇ.

ಪರೀಕ್ಷೆ ಸುಲಭ. ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿಯಿರಿ, ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ಕಾಗದದಷ್ಟು ತೆಳ್ಳಗಿದ್ದರೆ ಸರಿ. ನನ್ನದರಲ್ಲಿ ವಿಸಿಟಿಂಗ್ ಕಾರ್ಡ್ ಆರಾಮಾಗಿ ಹೋಗುತ್ತಿತ್ತು.

ಎಲುಬಿನ ನಟ್ ಗೀರು ಹಾಕಿಯೇ ಬರುತ್ತದೆ, ಆದರೆ ಅಡಿಯನ್ನು ಉಜ್ಜಿ ಎತ್ತರ ಇಳಿಸಬೇಕು. ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ ಉಜ್ಜಿದರೆ ಅಡಿ ಸಮತಟ್ಟಾಗಿ ಬರುತ್ತದೆ. ಹಳೆಯದನ್ನು ಕೀಳುವ ಮೊದಲು ಸುತ್ತಲಿನ ವಾರ್ನಿಷ್ ಮೇಲೆ ಬ್ಲೇಡಿನಿಂದ ಗೆರೆ ಎಳೆಯಿರಿ, ಇಲ್ಲದಿದ್ದರೆ ವಾರ್ನಿಷ್ ಚಕ್ಕೆಯಾಗಿ ಏಳುತ್ತದೆ. ಗೀರು ಆಳ ಮಾಡಲು ಗಿಟಾರಿನವರು ಮಾರುವ ಅರಗಳ ಸೆಟ್ಟಿನ ಬೆಲೆ ಕೇಳಿದರೆ ಗಿಟಾರನ್ನೇ ಮಾರಬೇಕು. ದಪ್ಪ ತಂತಿಗಳಿಗೆ ಅಕ್ಕಸಾಲಿಗರ ಸಣ್ಣ ಅರ ಸಾಕು. ತೆಳು ತಂತಿಗಳಿಗೆ ಗ್ಯಾಸ್ ವೆಲ್ಡಿಂಗಿನವರು ನಾಝಲ್ ಚೊಕ್ಕ ಮಾಡಲು ಬಳಸುವ ಹಲ್ಲಿನ ಕಡ್ಡಿಗಳ ಸೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಬೇಕಾದ ದಪ್ಪದ್ದನ್ನು ಆರಿಸಿಕೊಳ್ಳಬಹುದು. ಎರಡು ಸಲ ಉಜ್ಜಿ, ಒಂದು ಸಲ ಅಳೆಯಿರಿ. ಗೀರಿಗೆ ಸ್ವಲ್ಪ ಪೆನ್ಸಿಲ್ ಪುಡಿ ಹಾಕಿದರೆ ತಂತಿ ಸಿಕ್ಕಿಕೊಳ್ಳದೆ ಜಾರುತ್ತದೆ. ಕೀ ತಿರುಗಿಸಿದಾಗ ಟಿಕ್ ಎಂದು ಸ್ವರ ಹಾರುತ್ತಿದ್ದುದು ಅಲ್ಲಿಗೆ ನಿಂತಿತು.

ಫೀಲರ್ ಗೇಜ್ ಬೇಕಾಗುವುದು ಕತ್ತಿನ ಬಾಗು ನೋಡಲು. ಮೆಕ್ಯಾನಿಕ್‌ಗಳು ಬೈಕಿನ ಟ್ಯಾಪೆಟ್ ಸಂದು ಅಳೆಯುವ ಅದೇ ತಗಡುಗಳು. ಮೊದಲ ಫ್ರೆಟ್ಟಿಗೆ ಕೇಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕತ್ತು ಮೈಗೆ ಸೇರುವ ಕಡೆ ದಪ್ಪ ತಂತಿಯನ್ನು ಒತ್ತಿ, ಏಳನೇ ಫ್ರೆಟ್ಟಿನ ಮೇಲೆ 0.2ರಿಂದ 0.25 ಮಿಲಿಮೀಟರ್ ಸಂದು ಇರಬೇಕು. ಜಾಸ್ತಿ ಇದ್ದರೆ ಕತ್ತಿನೊಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡನ್ನು ಅಲೆನ್ ಕೀಯಿಂದ ಬಲಕ್ಕೆ ಕಾಲು ಸುತ್ತು, ಅಷ್ಟೇ. ಆಮೇಲೆ 12ನೇ ಫ್ರೆಟ್ಟಿನಲ್ಲಿ ತಂತಿಯ ಎತ್ತರ: ದಪ್ಪ ತಂತಿಗೆ 2 ಮಿಲಿಮೀಟರ್, ಸಣ್ಣದಕ್ಕೆ 1.6. ಇದೆಲ್ಲ ಮುಗಿದ ಮೇಲೆ ಇಂಟೊನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಸರಿ ಬರುವಂತೆ ಹೊಂದಿಸುವುದು), ಫೋನಿನಲ್ಲಿರುವ ಪುಕ್ಕಟೆ ಟ್ಯೂನರ್ ಸಾಕು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಏಪ್ರಿಲ್ ಬಿಸಿಲಿಗೆ ದಾವಣಗೆರೆ, ಚಿತ್ರದುರ್ಗದ ಒಣಹವೆಯಲ್ಲಿ ಫ್ರೆಟ್‌ಬೋರ್ಡಿನ ಮರ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿಗಳು ಅಂಚಿನಿಂದ ಹೊರಗೆ ಬಂದು ಅಂಗೈ ಕೆರೆಯುತ್ತವೆ. ಸಣ್ಣ ಅರವನ್ನು ಓರೆಯಾಗಿ ಹಿಡಿದು ಬೇಸಿಗೆಯಲ್ಲೇ ಉಜ್ಜಿಬಿಡಿ. ಮಳೆಗಾಲದಲ್ಲಿ ಮರ ಮತ್ತೆ ಹಿಗ್ಗಿದಾಗ ಎಲ್ಲ ನುಣ್ಣಗಿದೆ ಅನ್ನಿಸುತ್ತದೆ, ಮೋಸ ಹೋಗಬೇಡಿ.

ನಾಲ್ಕನೇ ದಾರಿಯೂ ಇದೆ. ಇದನ್ನು ಮಾರಿ, ಮೇಲೆ ಒಂದಿಷ್ಟು ಹಾಕಿ, ಸ್ಕ್ವಯರ್ (ಫೆಂಡರಿನದೇ ಅಗ್ಗದ ಬ್ರ್ಯಾಂಡ್) ಥರದ ಮೇಲಿನ ದರ್ಜೆಯದು ಕೊಳ್ಳುವುದು. ಲೆಕ್ಕ ಹಾಕಿದೆ. ಹಳೇ ಗಿಟಾರಿಗೆ ಕೇಳಿದ ಬೆಲೆ ನೋಡಿ ಆ ವಿಚಾರ ಬಿಟ್ಟೆ.

ನಿಮ್ಮ ಹತ್ತಿರ 1,000 ರೂಪಾಯಿ ಇದ್ದರೆ ನಟ್, ಗೇಜ್, ಒಂದು ಸೆಟ್ ಹೊಸ ತಂತಿ. ಇನ್ನೂ 500 ಇದ್ದರೆ ತಾಮ್ರದ ಟೇಪು. ಪಿಕಪ್ಪಿಗೆ ಕೈ ಹಾಕುವುದು ಇವೆಲ್ಲ ಆದಮೇಲೆ, ಅದೂ ಒಳ್ಳೆ ಆಂಪ್ ಇದ್ದರೆ ಅಥವಾ ಮನೆಯಲ್ಲಿ ರೆಕಾರ್ಡ್ ಮಾಡುವವರಾದರೆ. ಬ್ರಿಜ್ ಬೇಕಾಗುವುದು ಟ್ರೆಮೊಲೊ ಕಡ್ಡಿಯನ್ನು ನಿಜವಾಗಿ ಬಳಸುವವರಿಗೆ. ತಂತಿ ವಿಷಯದಲ್ಲಿ ಒಂದು ಎಚ್ಚರಿಕೆ: .009ರ (ಅತಿ ತೆಳು ತಂತಿಯ ದಪ್ಪ, ಇಂಚಿನಲ್ಲಿ) ಸೆಟ್ಟಿಗೆ ಹೊಂದಿಸಿದ ಗಿಟಾರಿಗೆ ಆಮೇಲೆ .010 ಹಾಕಿದರೆ ಎಳೆತ ಹೆಚ್ಚಾಗಿ ಕತ್ತು ಮತ್ತೆ ಬಾಗುತ್ತದೆ, ಗೀರುಗಳೂ ಬಿಗಿಯಾಗುತ್ತವೆ. ಯಾವ ಸೆಟ್ಟು ಅಂತ ಮೊದಲೇ ನಿರ್ಧಾರ ಮಾಡಿಕೊಂಡು ಅರ ಕೈಗೆ ತಗೊಳ್ಳಿ. ನಾನು .009ಕ್ಕೇ ನಿಂತಿದ್ದೇನೆ. ರಾತ್ರಿ ಹನ್ನೆರಡರವರೆಗೆ ಕಾರ್ಡ್ ಹಿಡಿಯುವ ಬೆರಳಿಗೆ ಅದೇ ಹಿತ.