‘48 ಮೆಗಾಪಿಕ್ಸೆಲ್’ ಅಂತ ಬರೆದಿರೋ ಅಗ್ಗದ ಕ್ಯಾಮೆರಾ ತಗೊಳ್ಳೋಕೆ ಮುಂಚೆ ಇದನ್ನು ಓದಿ

ನಾಲ್ಕೈದು ಸಾವಿರಕ್ಕೆ ಪುಟ್ಟ ಡಿಜಿಟಲ್ ಕ್ಯಾಮೆರಾ ತಗೊಳ್ಳೋ ಯೋಚನೆಯಲ್ಲಿದ್ದೀರಾ? ದಯವಿಟ್ಟು ಇದನ್ನು ಓದಿ, ಆಮೇಲೆ ದುಡ್ಡು ಕಟ್ಟಿ. ನಾನು 4,799 ರೂಪಾಯಿ ಕೊಟ್ಟೆ. ಆದರೆ ಹೊಟ್ಟೆ ಉರಿಯುತ್ತಿರೋದು ದುಡ್ಡಿಗಲ್ಲ.

ನಮ್ಮಪ್ಪ ದಾವಣಗೆರೆಯ ಕಾಟನ್ ಮಿಲ್‌ನಲ್ಲಿ ದುಡಿದವರು. ಚಿತ್ರದುರ್ಗ ನಮ್ಮೂರಿಂದ ಅರವತ್ತು ಕಿಲೋಮೀಟರ್ ಅಷ್ಟೇ, ಆದರೂ ಅವರು ಕೋಟೆ ಹತ್ತಿದ್ದು ಮದುವೆಗೆ ಮುಂಚೆ ಒಂದೇ ಸಲ. ಈಗ ಮಂಡಿನೋವು ಜಾಸ್ತಿ. "ಮುಂದಿನ ವರ್ಷ ಅಂದ್ರೆ ಆಗಲ್ಲಮ್ಮ, ಈಗ್ಲೇ ಒಂದ್ಸಲ ಓಬವ್ವನ ಕಿಂಡಿ ತೋರಿಸ್ಕೊಂಡು ಬಾ" ಅಂದರು. ನನ್ನ ಫೋನಿನ ಕ್ಯಾಮೆರಾ ಗಾಜು ಒಡೆದಿತ್ತು. ಅಮ್ಮನೂ ಬಳಸೋ ಹಾಗೆ ಬೇರೆ ಕ್ಯಾಮೆರಾನೇ ಇರಲಿ ಅಂತ ಆನ್‌ಲೈನ್‌ನಲ್ಲಿ ತರಿಸಿದೆ. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ 48 ಮೆಗಾಪಿಕ್ಸೆಲ್ (ಅಂದ್ರೆ ಚಿತ್ರದಲ್ಲಿ 4.8 ಕೋಟಿ ಚುಕ್ಕಿ), 4ಕೆ ವಿಡಿಯೋ, 16ಎಕ್ಸ್ ಜೂಮ್ (ಹದಿನಾರು ಪಟ್ಟು ಹತ್ತಿರ). ಬಂದ ದಿನ ಆನ್ ಮಾಡಿ ನೋಡಿ ಬೀರುವಿನಲ್ಲಿಟ್ಟೆ. ಇಲ್ಲೇ ನಾನು ತಪ್ಪಿದ್ದು.

ಮೂರು ವಾರ ಬಿಟ್ಟು ಕೋಟೆಗೆ ಹೋದೆವು. ಚಿತ್ರದುರ್ಗದಲ್ಲಿರೋ ದೊಡ್ಡಪ್ಪನ ಮಗ, ನಮ್ಮಣ್ಣ, ಜೊತೆಗೆ ಬಂದ. ಅಪ್ಪ ಪ್ರತಿ ಹತ್ತು ಮೆಟ್ಟಿಲಿಗೆ ಒಂದ್ಸಲ ಕೂತು, ಗೋಡೆ ಹಿಡಿದುಕೊಂಡು ಬಂದರು. ಓಬವ್ವನ ಕಿಂಡಿ ನೋಡಿದವರಿಗೆ ಗೊತ್ತು, ಎರಡು ಬಂಡೆ ನಡುವೆ ಒಬ್ಬರೇ ನುಸುಳುವಷ್ಟು ಜಾಗ, ಒಳಗೆ ಕತ್ತಲು, ಹೊರಗೆ ಕಣ್ಣು ಕುಕ್ಕೋ ಬಿಸಿಲು. ನಾನು ಹೊರಗೆ ನಿಂತು ಕಾಯ್ತಾ ಇದ್ದೆ. ಅಪ್ಪನ ತಲೆ ಕಂಡಿತು, ಬಂಡೆಗೆ ಅಂಗೈ ಊರಿ ಮೇಲೆ ನೋಡಿ ನಕ್ಕರು, ಬಟನ್ ಒತ್ತಿದೆ. ಕ್ಯಾಮೆರಾ ಸುಮ್ನೆ ಇತ್ತು. ಒಂದು ಕ್ಷಣ ಬಿಟ್ಟು ‘ಕ್ಲಿಕ್’ ಅಂತು. ಅಷ್ಟರಲ್ಲಿ ಅಪ್ಪ ಪಕ್ಕಕ್ಕೆ ಸರಿದಿದ್ದರು. ಫೋಟೋದಲ್ಲಿ ಇರೋದು ಬೆಳ್ಳಗೆ ಸುಟ್ಟುಹೋದ ಬಂಡೆ, ಮೂಲೆಯಲ್ಲಿ ಕಲೆಸಿಹೋದ ಒಂದು ಭುಜ.

"ಬಂತೇನಮ್ಮ?" ಅಂದರು. ಅವರ ಕಾಲು ನಡುಗ್ತಾ ಇತ್ತು. ಇನ್ನೊಂದ್ಸಲ ನುಸುಳಿ ಅಪ್ಪಾ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಮೇಲೆ ಹತ್ತಿದ ಮೇಲೆ ದೂರದ ಗುಡ್ಡದ ಮೇಲಿನ ಗಾಳಿ ಫ್ಯಾನುಗಳನ್ನು ಅಮ್ಮನಿಗೆ ತೋರಿಸೋಣ ಅಂತ ಜೂಮ್ ಮಾಡಿದೆ. ರೆಕ್ಕೆಯೇ ಇಲ್ಲ, ಬಿಳಿ ಬಣ್ಣ ಒರೆಸಿದ ಹಾಗಿತ್ತು. ಅಣ್ಣನ ಹತ್ತಿರ ಹಳೇ ಸೋನಿ ಡಬ್ಲ್ಯೂ800 ಇತ್ತು. ಅದು 20 ಮೆಗಾಪಿಕ್ಸೆಲ್, 5ಎಕ್ಸ್ ಜೂಮ್ ಅಷ್ಟೇ. ಅದರಲ್ಲಿ ಮೂರೂ ರೆಕ್ಕೆ ಬೇರೆ ಬೇರೆಯಾಗಿ ಕಂಡವು. ವ್ಯತ್ಯಾಸ ಏನಂದ್ರೆ ಅವನದು ಆಪ್ಟಿಕಲ್ ಜೂಮ್, ಲೆನ್ಸ್ ಮುಂದೆ ಚಾಚಿಕೊಂಡು ದೂರದ್ದನ್ನು ನಿಜವಾಗಿಯೂ ಹತ್ತಿರ ತರುತ್ತದೆ. ನನ್ನದು ಡಿಜಿಟಲ್ ಜೂಮ್, ತೆಗೆದ ಚಿತ್ರದ ನಡುಭಾಗ ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. ಪೆಟ್ಟಿಗೆ ಮೇಲೆ ಎರಡಕ್ಕೂ ಒಂದೇ ಹೆಸರು, ‘ಜೂಮ್’.

ಮನೆಗೆ ಬಂದು ಸಮಾಧಾನವಾಗದೆ ಗೋಡೆಯ ಕ್ಯಾಲೆಂಡರನ್ನೇ ಎರಡು ಸಲ ತೆಗೆದೆ. ಒಂದ್ಸಲ 8 ಮೆಗಾಪಿಕ್ಸೆಲ್‌ಗೆ ಇಟ್ಟು, ಇನ್ನೊಂದ್ಸಲ 48ಕ್ಕೆ ಇಟ್ಟು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ರಾಹುಕಾಲದ ಸಣ್ಣ ಅಕ್ಷರ ನೋಡಿದರೆ ಎರಡರಲ್ಲೂ ಅದೇ ಮಸಿ. 48ರ ಫೈಲು ಮಾತ್ರ ದೊಡ್ಡದು. ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಸೆನ್ಸರ್ ಕಂಡಿರೋದು ಕಡಿಮೆ ಚುಕ್ಕಿ, ಮಿಕ್ಕಿದ್ದನ್ನು ಕ್ಯಾಮೆರಾ ತಾನೇ ಅಂದಾಜಲ್ಲಿ ತುಂಬಿಸುತ್ತದೆ. ಇದಕ್ಕೆ ಇಂಟರ್‌ಪೊಲೇಶನ್ ಅಂತಾರೆ. ಸಾರಿಗೆ ನೀರು ಬೆರೆಸಿದರೆ ಪಾತ್ರೆ ತುಂಬುತ್ತೆ, ರುಚಿ ಬರಲ್ಲ, ಹಾಗೆ.

ಟ್ಯೂಬ್‌ಲೈಟ್ ಕೆಳಗೆ ವಿಡಿಯೋ ತೆಗೆದರೆ ಅಡ್ಡಡ್ಡ ಪಟ್ಟಿ ಓಡುತ್ತಿದ್ದವು. ಇದೊಂದಕ್ಕೆ ಪರಿಹಾರ ಸಿಕ್ಕಿತು. ಮೆನುವಿನಲ್ಲಿ 60 ಹರ್ಟ್ಸ್ ಇತ್ತು, ನಮ್ಮ ಕರೆಂಟು 50 ಹರ್ಟ್ಸ್, ಬದಲಾಯಿಸಿದ ಮೇಲೆ ಕಡಿಮೆಯಾಯಿತು. 64 ಜಿಬಿ ಮೆಮೊರಿ ಕಾರ್ಡ್ ಹಾಕಿದರೆ ‘ಕಾರ್ಡ್ ಎರರ್’ ಅನ್ನುತ್ತಿತ್ತು, ಈ ಕ್ಯಾಮೆರಾ 32 ಜಿಬಿವರೆಗಿನದ್ದು ಮಾತ್ರ ಓದುತ್ತದಂತೆ.

ಒಳ್ಳೇದು ಏನೂ ಇಲ್ಲ ಅಂತ ಹೇಳಲ್ಲ. ಹಗುರ, ಜೇಬಿನಲ್ಲಿ ಕೂರುತ್ತದೆ, ಅಮ್ಮ ಯಾರನ್ನೂ ಕೇಳದೆ ಬಳಸುತ್ತಾರೆ. ಚೆನ್ನಾಗಿ ಬಿಸಿಲಿದ್ದು, ಎದುರಿರೋರು ಅಲುಗಾಡದೆ ನಿಂತರೆ ಫೋಟೋ ಪರವಾಗಿಲ್ಲ. ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡದ ಹತ್ತಿರ ಅಪ್ಪ ಅಮ್ಮ ಕೂತಿರೋ ಒಂದು ಚಿತ್ರ ಚೆನ್ನಾಗಿದೆ. ಮಕ್ಕಳ ಕೈಗೆ ಕೊಡೋಕೆ ಸಾಕು. ಮದುವೆ, ಸೀಮಂತ, ಸಂಜೆ ಕಾರ್ಯಕ್ರಮ, ಓಡಾಡೋ ಮಕ್ಕಳು, ಇದ್ಯಾವುದಕ್ಕೂ ನಂಬಬೇಡಿ.

ವಾಪಸ್ ಕೊಡೋಣ ಅಂದರೆ ಹತ್ತು ದಿನದ ಗಡುವು ಮುಗಿದಿತ್ತು. ಮಾರಿದವರಿಗೆ ಮೂರು ಸಲ ಬರೆದೆ, ಮೂರೂ ಸಲ ಒಂದೇ ಉತ್ತರ, "ಕ್ಯಾಮೆರಾ ಕೆಲಸ ಮಾಡ್ತಿದೆಯಲ್ಲ". ಪೆಟ್ಟಿಗೆ ತಿರುಗಿಸಿ ನೋಡಿದರೆ ಆಮದು ಮಾಡಿಕೊಂಡವರ ಹೆಸರು, ವಿಳಾಸ ಯಾವುದೂ ಇಲ್ಲ. ಕಾನೂನು ಪ್ರಕಾರ ಅದು ಇರಲೇಬೇಕು.

ನೀವು ತಗೊಳ್ಳೋದಾದರೆ ಮೊದಲು ಲೆನ್ಸ್ ಸುತ್ತ ನೋಡಿ. ಆಪ್ಟಿಕಲ್ ಜೂಮ್ ಇರೋ ಕ್ಯಾಮೆರಾದ ಲೆನ್ಸ್ ಮೇಲೆ ಸಾಮಾನ್ಯವಾಗಿ ಎಂಎಂ ಲೆಕ್ಕದಲ್ಲಿ ಎರಡು ಅಂಕಿ ಇರುತ್ತವೆ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಬರೋದೇ ನಿಜವಾದ ಜೂಮ್. ಒಂದೇ ಅಂಕಿ ಇದ್ದರೆ ಅಥವಾ ಏನೂ ಇಲ್ಲದಿದ್ದರೆ ಅಲ್ಲೇ ಬಿಟ್ಟುಬಿಡಿ. ಅಂಗಡಿಯಲ್ಲಾದರೆ ಬೆಳಕು ಕಡಿಮೆ ಇರೋ ಮೂಲೆಯಲ್ಲಿ ನಡೆದು ಬರುವವರ ಫೋಟೋ ತೆಗೆದು ನೋಡಿ. ಆನ್‌ಲೈನ್ ಆದರೆ ಪೆಟ್ಟಿಗೆ ಬಿಚ್ಚೋದನ್ನೇ ವಿಡಿಯೋ ಮಾಡಿ, ಅವತ್ತೇ ಕ್ಯಾಲೆಂಡರ್ ಪರೀಕ್ಷೆ ಮಾಡಿ, ಗಡುವಿನೊಳಗೆ ವಾಪಸ್ ಹಾಕಿ. ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನಾನೂ ಬಿಲ್ಲು, ಕ್ಯಾಲೆಂಡರಿನ ಎರಡು ಫೋಟೋ, ಪೆಟ್ಟಿಗೆಯ ಆರೂ ಬದಿಯ ಚಿತ್ರ ಜೋಡಿಸಿ ಇಟ್ಟುಕೊಂಡಿದ್ದೇನೆ, ಸೋಮವಾರ ಕರೆ ಮಾಡುತ್ತೇನೆ.